ಮಹಾಪ್ರಭುಗಳ ಕೋಣೆಯ ದೀಪ

ಮಾರ್ಚ್ 4, ಬೆಳಿಗ್ಗೆ

ಶ್ರೀಮದಖಂಡ ಗರ್ಭಮಂಡಲಾಧೀಶ್ವರರೂ, ಹಲ್ಲು ಕೂದಲು ಹೆಸರು ಯಾವುದೂ ಇಲ್ಲದಿದ್ದರೂ ಒದೆತವೊಂದರಿಂದಲೇ ರಾಜ್ಯವಾಳುತ್ತಿರುವವರೂ ಆದ ಮಹಾಪ್ರಭುಗಳ ಪಾದಾರವಿಂದಗಳಿಗೆ (ಪಾದ ಮೂಡಿದೆಯಂತೆ, ಸ್ಕ್ಯಾನಿಂಗಿನಲ್ಲಿ ಕಂಡಿತು) ತಮ್ಮ ಸೋದರಮಾವನು ಮೂಗಿನ ತುಂಬ ಗೋಡೆಯ ಧೂಳು ತುಂಬಿಕೊಂಡು ಮಾಡುವ ಬಿನ್ನಹ. ತಮ್ಮ ದೆಸೆಯಿಂದ ನನ್ನ ರೂಮು ಹೋಯಿತು. ಪಕ್ಕದ ಸ್ಟೋರ್ ರೂಮಿಗೆ ಗಡೀಪಾರಾಗಿದ್ದೇನೆ. ಇವತ್ತೂ ಉಪ್ಪುಕಾಗದ ಹಿಡಿದು ಗೋಡೆ ತಿಕ್ಕುತ್ತಿದ್ದೇನೆ.

ಪ್ರಭುಗಳಿಗೆ ಪ್ರಜೆಗಳ ಪರಿಚಯ. ತಮ್ಮ ಅಮ್ಮ, ಅಂದರೆ ನನ್ನ ಅಕ್ಕ. ತಮ್ಮ ಅಪ್ಪ, ಸೋಫಾ ಹೊಲಿಯುವ ನನ್ನ ಭಾವ. ಇಬ್ಬರಿಗೂ ಹುಟ್ಟಿನಿಂದ ಕಿವಿ ಕೇಳಿಸದು. ಕೈಯಲ್ಲೇ ಮಾತು, ಕೈಯಲ್ಲೇ ಜಗಳ. ಬೆನ್ನು ತಿರುಗಿಸಿ ನಿಂತವರನ್ನು ಕರೆಯಬೇಕಾದರೆ ಲೈಟಿನ ಸ್ವಿಚ್ ಪಟಪಟ ಒತ್ತುವುದು ಈ ಮನೆಯ ಪದ್ಧತಿ. ನನ್ನ ಹೆಸರಿಗೆ ಅಕ್ಕ ಇಟ್ಟಿರುವ ಸನ್ನೆ: ಕಿವಿ ಹಿಂಡುವುದು. ಯಾಕೆ ಅಂತ ಕೇಳಬಾರದು. ಉಳಿದವರು ಭಾವನ ಅಮ್ಮ. ಎದುರಿಗೆ ಅತ್ತೆ, ಬೆನ್ನ ಹಿಂದೆ ಹೈಕಮಾಂಡ್. ಅವರಿಗೆ ಚೆನ್ನಾಗಿ ಕೇಳಿಸುತ್ತದೆ. ಹಾಗಾಗಿ ಹೈಕಮಾಂಡ್ ಅನ್ನುವುದೂ ಮನಸ್ಸಿನಲ್ಲೇ.

ನಿನ್ನೆ ಊಟದ ಮೇಜಿನಲ್ಲಿ ಹೈಕಮಾಂಡ್ ಅಪ್ಪಣೆ ಹೊರಟಿತು. "ಮಗು ನನ್ನ ರೂಮಲ್ಲೇ ಮಲಗ್ಲಿ. ರಾತ್ರಿ ಅತ್ರೆ ಇವಳಿಗೆ ಹೇಗೆ ಗೊತ್ತಾಗತ್ತೆ? ಹಾಲು ಕುಡಿಸೋಕೆ ನಾನೇ ಎಬ್ಬಿಸ್ತೀನಿ."

ಅಕ್ಕ ತುಟಿ ಓದಿಕೊಂಡಳು. ತಟ್ಟೆ ಸರಿಸಿ ಕೈ ಆಡಿಸಿದಳು: "ನಾನೇನು ಹಾಲಿನ ಡೈರಿನಾ? ನನ್ನ ಮಗು ನನ್ನ ಹತ್ರ."

ಆಮೇಲೆ ನನ್ನ ಕಡೆ ತಿರುಗಿ ಕಿವಿ ಹಿಂಡುವ ಸನ್ನೆ ಮಾಡಿದಳು. "ನೀನು ದೀಪದ ಅಂಗಡಿಯವನು ತಾನೆ? ಮಗು ಅತ್ರೆ ನಂಗೇ ಗೊತ್ತಾಗೋ ಅಂಥ ಕೋಣೆ ಮಾಡಿಕೊಡು."

ಒಪ್ಪಿಕೊಂಡೆ. ಬೇರೆ ದಾರಿಯೂ ಇರಲಿಲ್ಲ, ಮಂಚ ಆಗಲೇ ಹೊರಗೆ ಹೋಗಿತ್ತು.

ಮಾರ್ಚ್ 11

ವಿನ್ಯಾಸದ ಮೂಲಮಂತ್ರ: ನಿಶ್ಶಬ್ದ. ಕೇಳಿಸದವರ ಮನೆ ಮೌನವಾಗಿರುತ್ತದೆ ಅಂದುಕೊಂಡವರು ಒಮ್ಮೆ ಬಂದು ಹೋಗಬೇಕು. ಭಾವ ಕುರ್ಚಿ ಎಳೆದರೆ ಆನೆ ಎಳೆದ ಹಾಗೆ. ಅಕ್ಕ ಬಾಗಿಲು ಹಾಕಿದರೆ ಪಕ್ಕದ ಮನೆಯವರು ತಮ್ಮ ಬಾಗಿಲು ನೋಡಿಕೊಳ್ಳುತ್ತಾರೆ. ಆದ್ದರಿಂದ ಬಾಗಿಲ ಚೌಕಟ್ಟಿಗೆ ಸುತ್ತಲೂ ಸದ್ದು ತಡೆಯುವ ದಪ್ಪ ಫೆಲ್ಟು ಬಟ್ಟೆ. ನೆಲ ಮರದ್ದು, ಕರೆಯಲು ಕಾಲು ಕುಟ್ಟಿದರೆ ನಡುಗುತ್ತದೆ, ಅದಕ್ಕೆ ತೊಟ್ಟಿಲಮಂಚದ ಕಾಲಿಗೆ ರಬ್ಬರು. ಮಂಚಕ್ಕೆ ನಾಲ್ಕೂ ಕಡೆ ಎತ್ತರದ ಹಲಗೆ, ಒಳಗೆ ಮೆತ್ತೆ. ಸದ್ದು ನುಗ್ಗದ ಕೋಟೆ. ನಕ್ಷೆ ನನ್ನದು, ಕೆಲಸ ಭಾವನದು.

ಸಂಜೆ ಅಕ್ಕ ಬಂದಳು. ಹೊಟ್ಟೆ ಹಿಡಿದುಕೊಂಡು, ಕೋಣೆಗೆ ತಂದಿಟ್ಟ ತನ್ನ ಹಾಸಿಗೆಯಲ್ಲಿ ಮಗ್ಗುಲಾದಳು. ಕೋಟೆಯ ಕಡೆ ಸುಮ್ಮನೆ ನೋಡಿದಳು. ಎದ್ದು, ನನ್ನನ್ನು ಅಲ್ಲೇ ಮಲಗಿಸಿದಳು.

"ಏನು ಕಾಣತ್ತೆ?"

"ಹಲಗೆ."

"ಹಲಗೆ ಹೆರ್ತಿದೀನಾ ನಾನು?"

ಭಾವ ನಕ್ಕು ನಕ್ಕು ಗರಗಸ ತಂದ. ಅವಳ ಕಡೆಯ ಹಲಗೆ ಹೋಯಿತು, ಅಲ್ಲಿ ಬಿಳಿ ಬಲೆ ಬಿಗಿದು ಕೂತಿತು. ಅವಳು ಕೇಳಿಸಿಕೊಳ್ಳುವುದು ಕಣ್ಣಲ್ಲಿ. ನಾನೋ, ಕೋಣೆ ಪೂರ್ತಿ ನನ್ನ ಕಿವಿಗೆ ತಕ್ಕಂತೆ ಕಟ್ಟುತ್ತಿದ್ದೆ.

ಮಾರ್ಚ್ 19

ಗೋಡೆಗೆ ಎಳೆ ಹಸಿರು, ಹೊಳಪಿಲ್ಲದ್ದು. ಹೊಳೆದರೆ ಕಣ್ಣು ಸೋಲುತ್ತದೆ. ಬೆಳಕು ಮುಖದ ಮೇಲೆ ಬೀಳಬೇಕು, ಬೆನ್ನ ಹಿಂದಿನಿಂದ ಬಂದರೆ ಕೈ ಕಪ್ಪಾಗಿ ಮಾತೇ ಕಾಣುವುದಿಲ್ಲ. ಹಾಲೂಡಿಸುವ ಕುರ್ಚಿಯ ಎದುರು ಕನ್ನಡಿ, ಅದರಲ್ಲಿ ಬಾಗಿಲು ಕಾಣುತ್ತದೆ. ಯಾರೂ ಹಿಂದಿನಿಂದ ಬಂದು ಬೆಚ್ಚಿಬೀಳಿಸುವ ಹಾಗಿಲ್ಲ. ಅಂದರೆ ನನ್ನ ಅರ್ಧ ಉದ್ಯೋಗ ಹೋಯಿತು.

ಇನ್ನು ಮುಖ್ಯವಾದದ್ದು. ಮಂಚಕ್ಕೆ ಸಣ್ಣ ಮೈಕು. ಮಗು ಅತ್ತರೆ ದೀಪ ಮಿನುಗಬೇಕು. ನಾನು ಕೆಲಸ ಮಾಡುವ ದೀಪದ ಅಂಗಡಿಯ ಸಾಹುಕಾರರು ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿದರು. "ಸದ್ದಿಗೆ ಕುಣಿಯೋ ದೀಪ ಬಾಣಂತಿ ಕೋಣೆಗಾ? ಡಿಸ್ಕೋ ಏನಾದ್ರೂ ಇಟ್ಕೊಂಡಿದೀರಾ?"

ಮಾರ್ಚ್ 22

ತಾಲೀಮು. ಟವೆಲಿನಲ್ಲಿ ಸುತ್ತಿದ ನನ್ನ ಫೋನು ಪ್ರಭುಗಳ ಪಾತ್ರದಲ್ಲಿ. ಅದರೊಳಗೆ ಯಾವುದೋ ಮಗುವಿನ ಅಳು. ಮುಖ್ಯ ಅತಿಥಿ ಹೈಕಮಾಂಡ್. ಅಕ್ಕ ಕುರ್ಚಿಯಲ್ಲಿ ಪತ್ರಿಕೆ ಓದುತ್ತಾ ಕೂತಿದ್ದಾಳೆ.

ಫೋನು ಅತ್ತಿತು. ದೀಪ ಪಟಪಟ ಮಿನುಗಿತು. ಅಕ್ಕ ಪುಟ ತಿರುಗಿಸಿದಳು.

ಮತ್ತೆ ಮಿನುಗಿತು. ತಲೆಯೆತ್ತಲಿಲ್ಲ.

ಹೈಕಮಾಂಡ್ ಗೆದ್ದ ಮುಖ ಮಾಡಿದ್ದರೆ ಚೆನ್ನಾಗಿತ್ತು. ಮಾಡಲಿಲ್ಲ. "ಕಂಡ್ಯೇನಪ್ಪಾ..." ಅಂದರು, ಅಷ್ಟೇ. ಕನ್ನಡಕ ಒರೆಸಿಕೊಳ್ಳುತ್ತಾ ಹೊರಟುಹೋದರು.

ಅಕ್ಕನ ಪತ್ರಿಕೆ ಕಿತ್ತುಕೊಂಡೆ. "ದೀಪ ಕಾಣಲಿಲ್ವಾ?"

"ಕಾಣ್ತು. ನಿಂದೇ ಕೀಟಲೆ ಅಂದ್ಕೊಂಡೆ."

ಹೌದು... ಎಷ್ಟು ವರ್ಷದಿಂದ. ಸ್ವಿಚ್ ಒತ್ತುವುದು, ಅವಳು ಒದ್ದೆ ಕೈಯಲ್ಲಿ ಓಡಿಬರುವುದು, ನಾನು ಸಾಧುಪ್ರಾಣಿಯ ಹಾಗೆ "ಯಾರು ಕರೆದ್ರು?" ಅನ್ನುವುದು. ಮಿನುಗುವ ಲೈಟು ಅಂದರೆ ಕೋತಿಯಾಟ ಅಂತ ಅವಳ ತಲೆಯಲ್ಲಿ ಕೂತುಬಿಟ್ಟಿದೆ. ಅವಳು ಮೊದಲು ನಕ್ಕಳು. ಆಮೇಲೆ ಕೈಗಳು ನಿಧಾನವಾಗಿ ಎದ್ದವು.

"ನಿಜವಾಗ್ಲೂ ಮಗು ಅತ್ತಾಗ ಹೀಗೇ ಕೂತಿದ್ರೆ?"

ಮಾರ್ಚ್ 23

ಬರೆಯಲು ಏನೂ ಇಲ್ಲ. ತಮಾಷೆಯೂ ಇಲ್ಲ.

ಮಾರ್ಚ್ 28, ರಾತ್ರಿ ಊಟದ ನಂತರ

ಹೊಳೆಯಿತು! ಮಿನುಗುವುದೇ ಬೇಡ. ಜೇನಿನ ಬಣ್ಣದ ದೀಪ, ಅಕ್ಕನ ದಿಂಬಿನ ಎತ್ತರಕ್ಕೆ. ಅಳು ಕೇಳಿದರೆ ಉಸಿರೆಳೆದ ಹಾಗೆ ಮೆಲ್ಲಗೆ ಏರುತ್ತದೆ, ಮೆಲ್ಲಗೆ ಇಳಿಯುತ್ತದೆ. ಮಗು ಬೆಚ್ಚುವುದಿಲ್ಲ. ನಾನು ಯಾವ ಸ್ವಿಚ್ಚಿನಿಂದಲೂ ಹೀಗೆ ಮಾಡಲಾರೆ. ಅದಕ್ಕೆ ಸ್ವಿಚ್ಚೇ ಇಟ್ಟಿಲ್ಲ. ವೈರಿನ ಪೆಟ್ಟಿಗೆಯ ಮೇಲೆ ಭಾವ ಸೋಫಾ ಬಟ್ಟೆ ಬಿಗಿದು ಮೊಳೆ ಹೊಡೆದ. ಪ್ರತಿ ಮೊಳೆಗೂ ಒಮ್ಮೆ ನನ್ನ ಮುಖ ನೋಡಿದ.

ನಂತರ ಸಕಲರ ಸಮ್ಮುಖದಲ್ಲಿ, ತೊಟ್ಟಿಲಮಂಚದ ಮೇಲೆ ಕೈಯಿಟ್ಟು ಘೋರ ಪ್ರತಿಜ್ಞೆ: "ಸೂರ್ಯಚಂದ್ರರಿರುವ ತನಕ ಈ ಮನೆಯ ಯಾವ ಸ್ವಿಚ್ಚನ್ನೂ ಕೀಟಲೆಗಾಗಿ ಮುಟ್ಟೆನು."

ಅಕ್ಕ: "ನಾಳೆ ಮೋಡ ಇದ್ರೆ?"

ಎರಡನೇ ತಾಲೀಮು ಹೈಕಮಾಂಡ್ ಕೈಗೆ ಬಿಟ್ಟೆವು. ಮಧ್ಯಾಹ್ನ ಅಕ್ಕನಿಗೆ ಜೋಂಪು ಹತ್ತಿದ್ದಾಗ ಅವರೇ ಫೋನಿನಲ್ಲಿ ಅಳು ಹಾಕಿದರು. ದೀಪ ಏರಿತು. ಅಕ್ಕನ ಕೆನ್ನೆ ಜೇನಾಯಿತು. ಕಣ್ಣು ಬಿಡುವ ಮೊದಲೇ ಕೈ ಮಂಚದೊಳಗೆ ಹೋಗಿತ್ತು. ಟವೆಲ್ ಎತ್ತಿ ಎದೆಗೊತ್ತಿಕೊಂಡು ನನ್ನ ಹಳೇ ಫೋನಿನ ಬೆನ್ನು ತಟ್ಟಿದಳು. ಅದಕ್ಕೆ ಅಷ್ಟು ಪ್ರೀತಿ ಇದುವರೆಗೆ ಯಾರೂ ತೋರಿಸಿಲ್ಲ.

ಹೈಕಮಾಂಡ್ ನೋಡುತ್ತಲೇ ನಿಂತಿದ್ದರು. ಆಮೇಲೆ ತಮ್ಮ ತೊದಲು ಸನ್ನೆಯಲ್ಲಿ, ನನ್ನನ್ನಲ್ಲ, ಅಕ್ಕನನ್ನೇ ಕೇಳಿದರು: "ಹಾಗಾದ್ರೆ ನಾನು ಯಾತಕ್ಕೆ?"

ಅಕ್ಕ ಫೋನು ಅವರ ತೋಳಿಗೆ ಕೊಟ್ಟಳು. "ಹಗಲೆಲ್ಲ ನಿಮ್ದು. ಹಾಡು, ಕಥೆ, ಮಾತು. ಅದು ನನ್ನಿಂದ ಆಗಲ್ಲ. ರಾತ್ರಿ ನಂದು."

ಹೈಕಮಾಂಡ್ ಒಪ್ಪಿದರು. ಷರತ್ತು ಒಂದೇ. "ಆದ್ರೂ ಕೇಳಿಸೋರು ಒಬ್ರು ಪಕ್ಕದ ರೂಮಲ್ಲಿರ್ಲಿ. ದೀಪಕ್ಕೆ ಏನ್ ಭರವಸೆ?" ಎಲ್ಲರೂ ನನ್ನ ಕಡೆ ನೋಡಿದರು. ತಲೆಬಾಗಿ ಪದವಿ ಸ್ವೀಕರಿಸಿದೆ: ಸಾಮ್ರಾಜ್ಯದ ಅಧಿಕೃತ ಕಿವಿ.

ಏಪ್ರಿಲ್ 6

ಆಸ್ಪತ್ರೆಯ ಬೆಂಚು. ಭಾವ ಕೂರುತ್ತಾನೆ, ಏಳುತ್ತಾನೆ. ಕೈ ಜೇಬಿನಲ್ಲಿ. ಅಂದರೆ ಮಾತು ಬೇಡ ಅಂತ. ನಾನೂ ಜೇಬಿಗೆ ಹಾಕಿಕೊಂಡಿದ್ದೇನೆ... ಬರೆಯಲು ಒಂದು ತೆಗೆದೆ.

ಏಪ್ರಿಲ್ 7

ಮಹಾಪ್ರಭುಗಳು ಮಹಾರಾಣಿಯವರು! ಹಿಂದಿನ ಬಿನ್ನಹಗಳಲ್ಲಾದ ಲಿಂಗದೋಷವನ್ನು ಕ್ಷಮಿಸತಕ್ಕದ್ದು. ಅಕ್ಕ ಚೆನ್ನಾಗಿದ್ದಾಳೆ. ಭಾವ ಅತ್ತ. ನಾನು ಅಳಲಿಲ್ಲ, ಕಣ್ಣಿಗೆ ಧೂಳು. ಆಸ್ಪತ್ರೆಯಲ್ಲೂ ಗೋಡೆ ತಿಕ್ಕುತ್ತಾರೆ ಅಂತ ಕಾಣುತ್ತದೆ.

ಏಪ್ರಿಲ್ 12, ಬೆಳಿಗ್ಗೆ

ರಾಣಿಯವರು ಮನೆಗೆ ಬಂದ ಮೇಲಿನ ಮೊದಲ ರಾತ್ರಿ ಮುಗಿಯಿತು. ಅಕ್ಕನ ಕಣ್ಣು ಕೆಂಪು, ಮುಖದಲ್ಲಿ ಮಾತ್ರ ಜಗತ್ತು ಗೆದ್ದ ಠೀವಿ. "ಎಷ್ಟು ಗಲಾಟೆ ಗೊತ್ತಾ! ಪ್ರತಿಸಲವೂ ನಾನೇ ಎದ್ದೆ. ನಿಂಗೆ ನಿದ್ದೆ ಕೆಟ್ಟಿತೇನೋ ಪಾಪ?"

ಹೈಕಮಾಂಡ್ ನನ್ನನ್ನೇ ನೋಡಿದರು. "ಕೇಳಿಸ್ತು ತಾನೆ?"

ಗಂಭೀರವಾಗಿ ಗಂಟಲು ಸರಿಮಾಡಿಕೊಂಡೆ. "ಎಲ್ಲಾ ಕೇಳಿಸ್ತು. ಅಕ್ಕ ಎದ್ದಿದ್ಲಲ್ಲ, ಸುಮ್ನಿದ್ದೆ."

"ನಂಗೂ ಕೇಳಿಸ್ತಪ್ಪ," ಅಂದರು ಹೈಕಮಾಂಡ್. ಅವರ ಕೆನ್ನೆಯ ಮೇಲೆ ದಿಂಬಿನ ಗೆರೆ ಇನ್ನೂ ಅಳಿಸಿರಲಿಲ್ಲ.

ಏಪ್ರಿಲ್ 14, ಮಲಗುವ ಮುನ್ನ

ಯಾರೂ ಓದದ ಪುಸ್ತಕ ಇದು, ಹೇಳಿಬಿಡುತ್ತೇನೆ. ಒಂದು ಸಲವೂ ಕೇಳಿಸಿಲ್ಲ. ಮೊದಲ ರಾತ್ರಿ ಇಲ್ಲ, ಎರಡನೆಯದೂ ಇಲ್ಲ, ನಿನ್ನೆಯೂ ಇಲ್ಲ. ಆ ಬಾಗಿಲಿಗೆ ನಾನೇ ಹಚ್ಚಿಸಿದ ಫೆಲ್ಟು ಭಲೇ ಗಟ್ಟಿ. ಅದಕ್ಕಿಂತ ನನ್ನ ನಿದ್ದೆ ಗಟ್ಟಿ. ಇವತ್ತು ಅಂಗಡಿಯಿಂದ ಜೇನಿನ ಬಣ್ಣದ್ದೇ ಇನ್ನೊಂದು ದೀಪ ತಂದೆ. ಭಾವ ಮೊಳೆ ಕಿತ್ತು ವೈರು ಎಳೆದುಕೊಟ್ಟ, ಬಾಯಿ ಬಿಡುವುದಿಲ್ಲ ಅಂತ ಕೈ ಎರಡೂ ಜೇಬಿಗೆ ಹಾಕಿ ತೋರಿಸಿದ. ಅದೀಗ ಅಧಿಕೃತ ಕಿವಿಯ ದಿಂಬಿನ ಪಕ್ಕದಲ್ಲಿದೆ. ಅಕ್ಕ ನೋಡಿದರೆ ಜನ್ಮವಿಡೀ ಆಡಿಕೊಳ್ಳುತ್ತಾಳೆ, ಆದ್ದರಿಂದ ಮೇಲೆ ಒಂದು ಟವೆಲ್... ಅರೆ, ಟವೆಲಿನೊಳಗೆ ಬೆಳಕು ಏರುತ್ತಿದೆ. ರಾಣಿಯವರು ಎದ್ದರು. ನನಗಂತೂ ಏನೂ ಕೇಳಿಸ...