ಚೆನ್ನವೀರರ ಹಾಸು

ಗದಗ ಸೀಮೆ, ಕಪ್ಪತಗುಡ್ಡದ ಬುಡ
ಆಷಾಢದ ಮೂವತ್ತೆಂಟನೆಯ ದಿನ, ೨೨೯೧

ಹಿಂದಿನ ಕಾಲದವರೇ,

ತಾರೀಖು ನೋಡಿ ನಗಬೇಡಿ, ನಮ್ಮ ತಿಂಗಳುಗಳು ನಿಮ್ಮವಕ್ಕಿಂತ ಉದ್ದ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಬಸಲಿಂಗವ್ವ, ಈ ಊರಿನವಳು.

ನಿಮ್ಮ ಕಾಲದ ಬಹಳಷ್ಟು ವಸ್ತುಗಳು ನಮ್ಮವರೆಗೆ ಬರಲಿಲ್ಲ, ಕಂಪ್ಯೂಟರನ್ನು ನಡೆಸುವ ನಿಮ್ಮ ಲಿನಕ್ಸ್ ಮಾತ್ರ ಬಂದಿದೆ. ಕಂಪ್ಯೂಟರಿಗೆ ಬೇಕಾದ ಲೋಹ ಈಗ ಸಿಗುವುದಿಲ್ಲ, ಹಾಗಾಗಿ ಇರುವ ಯಂತ್ರಗಳೆಲ್ಲ ಊರಿನವು. ಒಬ್ಬೊಬ್ಬರಿಗೂ ಸಾಯುವತನಕ ಒಂದನ್ನು ಕೊಡುತ್ತಾರೆ. ಅದರ ಜೊತೆಗೆ ಎಲ್ಲರೂ ತಮ್ಮದೊಂದು ಹಾಸು ಬರೆದಿಟ್ಟುಕೊಳ್ಳುತ್ತಾರೆ. ನೀವು ಅದನ್ನು ಸ್ಕ್ರಿಪ್ಟ್ ಎನ್ನುತ್ತಿದ್ದಿರಂತೆ. ಖಾಲಿ ಯಂತ್ರಕ್ಕೆ ಹಾಸು ಕೊಟ್ಟರೆ ಸಾಕು, ತಂತ್ರಾಂಶಗಳು, ಅಕ್ಷರದ ಗಾತ್ರ, ಪರದೆಯ ಬಣ್ಣ, ಫೋಲ್ಡರುಗಳ ಹೆಸರು ಎಲ್ಲವೂ ಆ ಮನುಷ್ಯನಿಗೆ ಬೇಕಾದಂತೆ ತಾವಾಗಿಯೇ ಕೂಡಿಕೊಳ್ಳುತ್ತವೆ. ಸತ್ತವರ ಯಂತ್ರದೊಳಗಿನದನ್ನೆಲ್ಲ ಒರೆಸಿ ಅದನ್ನು ಬೇರೆಯವರಿಗೆ ಕೊಡುತ್ತಾರೆ, ಹಾಸು ಮಾತ್ರ ಮನೆಯಲ್ಲಿ ಉಳಿಯುತ್ತದೆ. ಹಾಸು ಉಳಿದರೆ ಮನುಷ್ಯ ಉಳಿದಂತೆ ಎಂದು ಹಿರಿಯರು ಹೇಳಿದರು. ಊರಿಗೆ ಊರೇ ಕೋಲೆ ಬಸವನ ಹಾಗೆ ತಲೆಯಾಡಿಸಿತು.

ನನ್ನ ಯಜಮಾನರು ಚೆನ್ನವೀರ ತೀರಿಕೊಂಡಾಗ ಮಗಳು ನೀಲಾ ಎದೆಹಾಲು ಬಿಟ್ಟಿರಲಿಲ್ಲ. ಪ್ರತಿ ವರ್ಷ ಅವರು ತೀರಿಕೊಂಡ ದಿನದಂದು, ಯಂತ್ರಗಳನ್ನಿಡುವ ಊರಮನೆಯಿಂದ ಒಂದು ಖಾಲಿ ಯಂತ್ರವನ್ನು ಎರವಲು ತಂದು ಅವರ ಹಾಸು ಹಾಸುತ್ತೇವೆ. ಹೋಳಿಗೆ ಬೇಯುವಷ್ಟರಲ್ಲಿ ಎಲ್ಲ ಸಿದ್ಧ. ದೊಡ್ಡ ದೊಡ್ಡ ಅಕ್ಷರ, ಏಕೆಂದರೆ ಕನ್ನಡಕ ಹಾಕಿಕೊಳ್ಳಲು ಅವರಿಗೆ ನಾಚಿಕೆ. ಎಡಗೈಗೆ ಒಗ್ಗುವ ಮೌಸು. ಬದನೆಕಾಯಿ ಬಣ್ಣದ ಪರದೆ, ಅದನ್ನು ನಾನೆಷ್ಟು ಬೈದರೂ ಬದಲಿಸಲಿಲ್ಲ. ಕೊನೆಗೆ ಒಂದು ಫೋಲ್ಡರು ಮೂಡುತ್ತದೆ. ಅದರ ಹೆಸರು ‘ನೀಲಾ ದೊಡ್ಡಾಕಿ ಆದ ಮ್ಯಾಲೆ’.

ಅದರಲ್ಲಿ ಏನೂ ಇಲ್ಲ. ಹಾಸು ಫೋಲ್ಡರನ್ನು ಮಾಡಿಕೊಡುತ್ತದೆ, ಒಳಗಿದ್ದುದನ್ನು ತರುವುದಿಲ್ಲ. ಇದ್ದದ್ದು ಆ ಹಳೆಯ ಯಂತ್ರವನ್ನು ಒರೆಸಿದಾಗಲೇ ಹೋಯಿತು. ಮಗಳಿಗೆಂದು ಅವರು ಏನು ಬರೆದಿದ್ದರೋ, ಅಸಲಿಗೆ ಬರೆದಿದ್ದರೋ ಇಲ್ಲವೋ, ಅದೂ ತಿಳಿಯದು. ಅವರು ಹೋದದ್ದಕ್ಕೆ ಅತ್ತು ಅತ್ತು ಸಾಕಾಗಿದೆ. ಇದಕ್ಕೆ ಮಾತ್ರ ಇನ್ನೂ ಹೊಟ್ಟೆ ಉರಿಯುತ್ತದೆ.

ಅಪ್ಪನ ಒಂದು ಮಾತನ್ನೂ ಕೇಳಿ ಬಲ್ಲವಳಲ್ಲ ನೀಲಾ. ಚಿಕ್ಕವಳಿದ್ದಾಗ ಆ ಫೋಲ್ಡರನ್ನು ಮುಚ್ಚಿ ಮತ್ತೆ ತೆರೆಯುತ್ತಿದ್ದಳು, ಈ ಸಲ ಏನಾದರೂ ಬಂದಿದ್ದೀತೆಂದು. ಈ ವರ್ಷ ಅವಳಿಗೆ ಹದಿನೆಂಟು ತುಂಬಿದೆ. ತೆರೆದವಳು ಮುಚ್ಚಲಿಲ್ಲ. ಮಧ್ಯಾಹ್ನದವರೆಗೆ ಕೂತು ಏನೋ ಬರೆದು ಅದರೊಳಗೆ ಇಟ್ಟಳು. ಸಂಜೆ ಯಂತ್ರವನ್ನು ಹಿಂದಿರುಗಿಸಿದ ಕೂಡಲೇ ಒರೆಸಿಬಿಡುತ್ತಾರೆ, ಬರೆದದ್ದನ್ನು ಬೇರೆ ಕಡೆ ತೆಗೆದಿಡು ಎಂದೆ.

“ಗೊತ್ತೈತಿ ಯವ್ವಾ,” ಅಂದಳು. “ಅಪ್ಪ ಬರದದ್ದು ಎಲ್ಲಿಗೆ ಹೋತೋ, ಇದೂ ಅಲ್ಲಿಗೇ ಹೋಗ್ಲಿ.”

ಯಂತ್ರವನ್ನು ತಾನೇ ಎತ್ತಿಕೊಂಡು ಊರಮನೆಗೆ ನಡೆದಳು. ನಾನು ಹೊಸ್ತಿಲಲ್ಲೇ ನಿಂತೆ.

ಹಿಂದಿನವರೇ, ನಿಮ್ಮ ಮನೆಯಲ್ಲಿ ಮಕ್ಕಳಿದ್ದರೆ, ಈ ಕಾಗದವನ್ನು ಇಲ್ಲಿಗೇ ಬಿಟ್ಟು ಹೋಗಿ ಅವರ ಹತ್ತಿರ ಕೂತು ಮಾತಾಡಿ.

ಬಸಲಿಂಗವ್ವ