ಏಳು ಗಂಟೆಯ ಮುದ್ದೆ

ಗುರುವಾರ, ಜೂನ್ 12

ತೂಕ ಇಳಿಸಲು ಉಪವಾಸ ಬೇಡ, ನಡೆಯಿರಿ, ಬೇಗ ಉಣ್ಣಿ ಎಂದಿದ್ದರು ಧರ್ಮಪುರಿಯ ಡಾಕ್ಟರು. ಇವತ್ತೂ ನಡೆದು ಬಂದು ಏಳಕ್ಕೇ ಚಿಕ್ಕ ಮುದ್ದೆ, ಸೊಪ್ಪಿನ ಸಾರು ಉಂಡೆ. ಒಬ್ಬಳೇ. ರವಿಕೆ ಸಡಿಲವಾಗಿದೆ.

ನಾನು ಮೊದಲ ತುತ್ತು ಎತ್ತುವವರೆಗೆ ಈ ಮನೆಯಲ್ಲಿ ಯಾರೂ ತಟ್ಟೆಗೆ ಕೈ ಹಾಕುತ್ತಿರಲಿಲ್ಲ. ಈಗ ಉಳಿದವರ ಊಟ ಒಂಬತ್ತಕ್ಕೆ. ಇವತ್ತು ಅವರ ನಗು ಕೇಳಿ ಹಾಸಿಗೆಯಿಂದ ಎದ್ದು ಹೋದೆ. ಎಲ್ಲರೂ ಸುಮ್ಮನಾದರು. ನನ್ನ ಮಣೆಯ ಮೇಲೆ ಸಾರಿನ ಪಾತ್ರೆ ಕೂತಿತ್ತು.

ಸೊಸೆ ಸೆಲ್ವಿ ಗಡಬಡಿಸಿ ಎದ್ದಳು. "ಏನ್ ಬೇಕು ಅತ್ತೆ? ಅಸಿವಾ? ಡಾಕ್ಟ್ರು ಬೈತಾರೆ!"

"ನೀರು" ಅಂದೆ.

ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಮತ್ತೆ ನಗು. ನಾಳೆಯಿಂದ ಎಲ್ಲರಿಗೂ ಏಳಕ್ಕೇ ಊಟ ಎಂದು ಹೇಳಬಹುದು. ಹೇಳಿದರೆ ಬಂದು ಕೂರುತ್ತಾರೆ. ಆದರೆ ನಗುತ್ತಾರೆಯೇ?