ಸಾಲಿನ ನಡುವಿನ ಮನೆ

ಶಿಕಾರಿಪುರ
೪ ಡಿಸೆಂಬರ್ ೨೦೨೫

ಪ್ರೀತಿಯ ಅಣ್ಣ ಗುತ್ಯಪ್ಪನಿಗೆ ತಮ್ಮ ಲೋಕೇಶನ ನಮಸ್ಕಾರ.

ನಾನೂ ಕರುಣಾಳೂ ಇಲ್ಲಿ ಕ್ಷೇಮ. ನೀನು, ಅತ್ತಿಗೆ, ರಮ್ಯ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಅವ್ವ ಹೇಗಿದ್ದಾಳೆ ಎಂದು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ಭಾನುವಾರ ನೀನು ಫೋನ್ ಮಾಡಿದಾಗ ನಾನು ಕೂಗಾಡಿ ಕಟ್ ಮಾಡಿದೆ. ತಡವಾಗಿ ಕಾಗದ ಬರೆಯುತ್ತಿದ್ದೇನೆ, ಕ್ಷಮಿಸು. ಫೋನಿನಲ್ಲಿ ನಾವಿಬ್ಬರೂ ಮಾತಾಡುವುದಿಲ್ಲ, ಬರೀ ಜಗಳವಾಡುತ್ತೇವೆ.

"ಹೊಸಬಾಳೆಗೆ ನಿನ್ ಸರ್ವೆ ಬಂದಿದ್ದೇ ಬಂದಿದ್ದು, ಅವ್ವ ಹಿತ್ಲಲ್ಲಿ ಮೂರು ಕಲ್ಲಿಟ್ಟು ಬೇರೆ ಒಲೆ ಹೂಡ್ಯಾಳೆ. ನಮ್ಮನೆ ಅನ್ನ ಮುಟ್ತಿಲ್ಲ. ಊರೆಲ್ಲಾ ನನ್ನ ಮುಖ ನೋಡ್ತೈತೆ. ಏನ್ ಮಾಡ್ಸಿದ್ಯೋ ಅವಳಿಗೆ?" ಎಂದೆ ನೀನು. ನಾನು ನಿನ್ನ ಮೇಲೆಯೇ ಹರಿಹಾಯ್ದೆ.

ಸರ್ವೆ ಏನೆಂದು ಮೊದಲು ಹೇಳಿಬಿಡುತ್ತೇನೆ. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕುಗಳಲ್ಲಿ ಒಂದು ಮನೆಯ ವರ್ಷದ ಆದಾಯ ಎಷ್ಟಿರಬಹುದು ಎಂದು ಅಂದಾಜು ಮಾಡುವುದು. ಸರಾಸರಿ ಹಿಡಿದರೆ ಮೋಸ. ಒಬ್ಬ ರೈಸ್‌ಮಿಲ್ ಮಾಲೀಕನನ್ನೂ ಹತ್ತು ಕೂಲಿಯವರನ್ನೂ ಕೂಡಿಸಿ ಭಾಗಿಸಿದರೆ ಹನ್ನೊಂದೂ ಮನೆಯವರು ಉಂಡು ತೇಗುತ್ತಿದ್ದಾರೆ ಎಂದು ವರದಿ ಹೇಳುತ್ತದೆ. ಅದಕ್ಕೇ ಮನೆಗಳನ್ನು ಬಡವರಿಂದ ಶ್ರೀಮಂತರವರೆಗೆ ಸಾಲಾಗಿ ನಿಲ್ಲಿಸಿ, ನಟ್ಟನಡುವೆ ನಿಂತ ಮನೆಯ ಆದಾಯ ನೋಡುತ್ತೇವೆ. ಹಿಂದೆ ಬಡವರ ಚಳವಳಿಯಲ್ಲಿ ತಾಲ್ಲೂಕು ಕಚೇರಿ ಮುಂದೆ "ನಮ್ಮನ್ನೂ ಲೆಕ್ಕಕ್ಕೆ ಹಿಡೀರಿ" ಎಂದು ಗಂಟಲು ಹರಿದುಕೊಂಡವನು ನಾನು. ಈ ಮೇಲ್ವಿಚಾರಣೆಯ ಕೆಲಸ ಸಿಕ್ಕಾಗ ಗೆದ್ದೆ ಅಂದುಕೊಂಡಿದ್ದೆ.

ಮನೆ ಎಂದರೆ ಯಾವುದು? ಒಂದೇ ಒಲೆಯ ಅನ್ನ ಉಣ್ಣುವವರೆಲ್ಲ ಒಂದು ಮನೆ. ಆದರೆ ಅವ್ವನ ಹಾಗೆ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಒಬ್ಬೊಬ್ಬ ಮಗನ ಮನೆಯಲ್ಲಿ ಪಾಳಿ ಮೇಲೆ ಉಣ್ಣುವವರು ನಮ್ಮ ಕಡೆ ಎಷ್ಟು ಜನ! ಕೇಳಲು ಹೋದ ದಿನ ಯಾರ ಮನೆಯಲ್ಲಿ ಉಂಡಿದ್ದಾರೋ ಆ ಮನೆಗೆ ಸೇರಿಸಿ ಎಂದು ಸರ್ವೆಗೆ ಹೋಗುವ ಹುಡುಗಿಯರಿಗೆ ತರಬೇತಿ ಕೊಟ್ಟವನೂ ನಾನೇ.

ನಿಮ್ಮ ಮನೆಗೆ ಸರ್ವೆಗೆ ಬಂದ ಮೇಘನಾ ನಡೆದದ್ದನ್ನೆಲ್ಲ ಅವತ್ತೇ ನನಗೆ ಹೇಳಿದ್ದಳು. ನೀನು ಭತ್ತದ ಕೊಯ್ಲಿನ ಅವಸರದಲ್ಲಿ ಬಾಗಿಲಲ್ಲೇ ನಿಂತು, "ಮೂರು ಜನ ಅಂತ ಬರ್ಕಳಮ್ಮ. ಅವ್ವಂದು ತಮ್ಮನ ರೇಷನ್ ಕಾರ್ಡಲ್ಲೈತೆ" ಎಂದೆಯಂತೆ. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅವ್ವ ತಲೆ ಎತ್ತಿದಳಂತೆ.

"ಅಜ್ಜಿ, ನಿಮ್ಮ ಊಟ ಯಾವ ಮನೇಲಿ ರೀ?" ಎಂದಳಂತೆ ಮೇಘನಾ.

"ನಂದೊಂದು ಬೇರೆ ಮನೆ ಅಂತ ಬರ್ಕಳವ್ವ. ನನ್ನ ಒಲೆ ಬೇರೆ."

"ಒಲೆ ಎಲ್ಲೈತ್ರಿ ಅಜ್ಜಿ?"

"ನೀನು ಚಾ ಕುಡಿಯೋದ್ರೊಳಗೆ ಹೂಡ್ತೀನಿ, ಕುಂತ್ಕ."

ಮೇಘನಾ ನಕ್ಕಳಂತೆ. ಅವ್ವ ಎದ್ದು ಹಿತ್ತಲಿಗೆ ಕಲ್ಲು ಹೊತ್ತದ್ದು ಕಂಡ ಮೇಲೆ ನಗು ನಿಂತಿತಂತೆ.

ಹೀಗೆ ಪಿಂಚಣಿ ಬಿಟ್ಟರೆ ಬೇರೇನೂ ಇಲ್ಲದ ಒಬ್ಬಳ ಮನೆ ಸೊರಬದ ಸಾಲಿಗೆ ಸೇರಿತು, ತೀರಾ ತುದಿಯಲ್ಲಿ. ಆ ಮನೆ ಸೇರಿಸಿ ಲೆಕ್ಕ ಹಾಕಿದೆ, ಬಿಟ್ಟೂ ಹಾಕಿದೆ. ನಡುವಿನ ಅಂಕಿ ಕದಲಲಿಲ್ಲ. ತುದಿಯಲ್ಲಿ ನಿಂತವಳು ಉಂಡರೂ ಅಷ್ಟೇ, ಉಪವಾಸ ಬಿದ್ದರೂ ಅಷ್ಟೇ, ನಡುವಿನವನಿಗೆ ಗೊತ್ತೇ ಆಗುವುದಿಲ್ಲ. ಬೇರೆ ಯಾರಾದರೂ ಈ ಲೆಕ್ಕ ಮಾಡಿದ್ದರೆ ಬೀದಿಗಿಳಿದು ಧಿಕ್ಕಾರ ಕೂಗುತ್ತಿದ್ದೆ. ಮಾಡಿದವನು ನಾನು. ಯಾರಿಗೆ ಕೂಗಲಿ?

ಬರುವ ಭಾನುವಾರ ಕರುಣಾಳನ್ನೂ ಕರೆದುಕೊಂಡು ಬರುತ್ತೇನೆ. ಅಲ್ಲಿಯವರೆಗೆ ಆ ಮೂರು ಕಲ್ಲು ಕೀಳಬೇಡ. ಒಣಗಿದ ಸೌದೆ ಮಾತ್ರ ಅವಳ ಕೈಗೆ ಸಿಗುವ ಹಾಗೆ ಇಡು. ಅತ್ತಿಗೆಗೆ ನಮಸ್ಕಾರ. ರಮ್ಯಳಿಗೆ ಚಿಕ್ಕಪ್ಪನ ಆಶೀರ್ವಾದ, ಯಾರಿಗೂ ಅಂಜದೆ ಬೆಳೆಯಲಿ.

ನಿನ್ನ ತಮ್ಮ
ಲೋಕೇಶ

ತಾ.ಕ.: ಮರೆತು ಉಳಿದ ಮಾತಲ್ಲ ಇದು, ಹೇಳಲಾರದೆ ಇಷ್ಟು ಹೊತ್ತು ಸುತ್ತುತ್ತಿದ್ದೆ. "ಹೆತ್ತವ್ವನ್ನೇ ಲೆಕ್ಕದಿಂದ ಬಿಟ್ಯಲ್ಲೋ, ನಾಚ್ಕೆ ಆಗಲ್ವಾ?" ಎಂದು ಫೋನಿನಲ್ಲಿ ನಿನಗೆ ಬೈದೆನಲ್ಲ. ನಿಮ್ಮ ಮನೆಗೆ ಬರುವ ಮುಂಚೆ, ಅಮಾವಾಸ್ಯೆಯ ಹಿಂದಿನ ದಿನ, ಮೇಘನಾ ನಮ್ಮ ಮನೆಗೂ ಬಂದಿದ್ದಳು. "ಸರ್, ನಿಮ್ಮನೇಲಿ ಉಣ್ಣೋರು ಎಷ್ಟ್ ಜನ ರೀ?" ಎಂದಳು. ಅವ್ವ ಒಳಗೆ ನನಗೇ ರೊಟ್ಟಿ ತಟ್ಟುತ್ತಿದ್ದಳು. ನಾಳೆ ಅವಳ ಪಾಳಿ ಮುಗಿಯುತ್ತದಲ್ಲ ಎಂದು, "ನಾವಿಬ್ಬರೇ" ಎಂದುಬಿಟ್ಟೆ. ಒಳಗೆ ರೊಟ್ಟಿ ತಟ್ಟುವ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು. ಆ ರೊಟ್ಟಿಯನ್ನು ನಾನು ಉಂಡೆ.

ಅವಳು ಒಲೆ ಹೂಡಿದ್ದು ನಿನ್ನ ಮಾತಿಗಲ್ಲ ಅಣ್ಣ, ನನ್ನ ಮಾತಿಗೆ. ನಿಮ್ಮ ಬಾಗಿಲಲ್ಲಿ ಅದನ್ನೇ ಎರಡನೇ ಸಲ ಕೇಳಿಸಿಕೊಂಡಳು, ಅಷ್ಟೇ. ಈ ಕಾಗದವನ್ನು ಅವಳ ಎದುರು ಗಟ್ಟಿಯಾಗಿ ಓದು, ಊರವರಿದ್ದರೆ ಇನ್ನೂ ಒಳ್ಳೆಯದು. ಭಾನುವಾರ ನಾನು ನಿಮ್ಮ ಮನೆಯಲ್ಲಿ ಉಣ್ಣುವುದಿಲ್ಲ. ಹಿತ್ತಲಿಗೆ ಹೋಗಿ ಆ ಒಲೆಯ ಮುಂದೆ ಕೂರುತ್ತೇನೆ. ಅವಳ ಮನೆಯಲ್ಲಿ ಉಣ್ಣುವವರು ಎಷ್ಟು ಜನ ಎಂದು ಅವಳೇ ಹೇಳಲಿ.